ಪಾಕದ ರುಚಿ ನೋಡಿದವಳು

ಕಾಪು
9-2-1978

ಚಿ. ಸೌ. ಮೋಹಿನಿಗೆ ಅಪ್ಪನ ಆಶೀರ್ವಾದ.

ಈ ಇಡೀ ಪ್ರಕರಣಕ್ಕೆ ಎಷ್ಟು ತಗಲಿತು ಎಂದು ನಿನ್ನೆ ಕೂತು ಕೂಡಿಸಿ ನೋಡಿದೆ. ಒಂದು ಗಂಡು ಮಗು, ತೊಟ್ಟಿಲು ನೋಡದೆ ಹೋಯಿತು. ನಿನ್ನ ತಾಯಿಯ ಮಾತು ಹೋಯಿತು. ಈಗ ಅವಳು ಬೆಕ್ಕಿನ ಹತ್ತಿರ ಮಾತ್ರ ಮಾತಾಡುತ್ತಾಳೆ. ಬೇಬಿ ಅಕ್ಕನಿಗೂ ನನಗೂ ಹುಟ್ಟಿದಂದಿನಿಂದ ಇದ್ದ ಸಲಿಗೆ. ನಿನ್ನ ಅತ್ತೆಯಾದ ಮೇಲೂ ನನ್ನನ್ನು ‘ನೀನು’ ಎನ್ನುತ್ತಿದ್ದವಳು ಮೊನ್ನೆ ‘ನೀವು’ ಎಂದಳು. ಮತ್ತೆ ನನ್ನ ಜಂಬ, ಅದು ಸ್ವಲ್ಪ ಜಾಸ್ತಿಯೇ ಇತ್ತು. ಇಷ್ಟು ಹೋದದ್ದು. ಬಂದದ್ದು ಎಂತ? ಅಳಿಯ ಸರ್ವೋತ್ತಮನ ಒಂದು ಕಾರ್ಡು. ಮಣಿಪಾಲದಲ್ಲಿ ಪರೀಕ್ಷೆ ಮಾಡಿದರಂತೆ, ನಿನಗೆ ಸಕ್ಕರೆ ಕಾಯಿಲೆ ಉಂಟಂತೆ, ಮಗು ಅಷ್ಟು ದಪ್ಪ ಬೆಳೆದು ಹೊಟ್ಟೆಯಲ್ಲೇ ತೀರಿಕೊಂಡದ್ದು ಅದರಿಂದಲೇ ಅಂತೆ.

ಡಾಕ್ಟರರು ಕಲಿತವರು, ಕಾಯಿಲೆ ಉಂಟು ಎಂದರೆ ಉಂಟು. ಆದರೆ ಅದು ಎಲ್ಲಿಂದ ಬಂತು ಎಂದು ನಾನು ಹೇಳುತ್ತೇನೆ. ನಮ್ಮಲ್ಲಿ ಕುಲ, ಬರಿ ಎಲ್ಲ ತಾಯಿಯಿಂದ: ನೀನು ನಿನ್ನ ತಾಯಿಯ ಬರಿಯವಳು, ನಾನು ನನ್ನ ತಾಯಿಯ ಬರಿಯವ. ನನ್ನ ಕಾಯಿಲೆ ನನ್ನ ಬರಿಯಿಂದ ಬಂದದ್ದು: ನನ್ನ ತಾಯಿಗೆ ಇತ್ತು, ಅವಳ ಅಣ್ಣನಿಗೆ ಇತ್ತು. ಆ ಮಾವನ ಕಾಲು ಕೊಳೆತ ವಾಸನೆ ನನ್ನ ಮೂಗಿನಲ್ಲಿ ಈಗಲೂ ಉಂಟು. ಹುಟ್ಟುವಾಗಲೇ ಬರೆದು ಆದ ಮೇಲೆ ಮನುಷ್ಯ ಎಂತ ಮಾಡುವುದು? ಅದಕ್ಕೇ ನಾನು ಸಿಕ್ಕಿದ್ದನ್ನು ತಿನ್ನುತ್ತೇನೆ. ಹೋಗುವ ಬಸ್ಸಿಗೆ ಹತ್ತಿ ಕೂತವ ಹಸಿದುಕೊಂಡು ಯಾಕೆ ಕೂರಬೇಕು?

ನನ್ನ ನಂತರ ಬರುವುದಿದ್ದರೆ ಅಕ್ಕನ ಮಗ ಸರ್ವೋತ್ತಮನಿಗೆ ಬರಬೇಕಿತ್ತು. ಅವನನ್ನು ನಾನು ಸಣ್ಣದರಲ್ಲೇ ಸಿಹಿಯ ಹತ್ತಿರ ಬಿಡಲಿಲ್ಲ. ಅವನಿಗೆ ನಿನ್ನನ್ನು ಕೊಟ್ಟದ್ದೂ ಲೆಕ್ಕ ಹಾಕಿಯೇ. ಮಕ್ಕಳು ನಿನ್ನ ಬರಿಗೆ ಸೇರುತ್ತಾರೆ, ಕಾಯಿಲೆ ಅವನಲ್ಲೇ ಕೊನೆಯಾಗುತ್ತದೆ. ನಿನ್ನ ಬರಿಯಲ್ಲಿ ಯಾರಿಗೆ ಉಂಟು ಹೇಳು? ನಿನ್ನ ಅಜ್ಜಿ ಎಂಬತ್ತು ದಾಟಿ ಬೆಲ್ಲ ಜಗಿಯುತ್ತಾಳೆ. ಅಂದ ಮೇಲೆ ಇದು ಹುಟ್ಟಿನಿಂದ ಬಂದದ್ದಲ್ಲ, ನಾಲಗೆಯಿಂದ ಬಂದದ್ದು. ನಮ್ಮ ಸೋಡಾ ಅಂಗಡಿಯ ಪಾಕ ನೀನು ನೆಕ್ಕಿದೆ, ಹಲ್ವ ತಿಂದೆ, ಬಸುರಿ ಎಂದು ಕಾರ್ಕಳದಲ್ಲಿ ಎಲ್ಲರೂ ಬಾಯಿಗೆ ತುರುಕಿದರು, ನೀನು ಬೇಡ ಎನ್ನಲಿಲ್ಲ. ಬೈಯುವುದಕ್ಕೆ ಬರೆದದ್ದಲ್ಲ ಮಗಾ. ಇನ್ನಾದರೂ ಬಾಯಿ ಕಟ್ಟು.

ಇಂತಿ,
ನಿನ್ನ ಅಪ್ಪ
ವಿಠಲ ಶೆಟ್ಟಿ


ಕಾರ್ಕಳ
27-2-1978

ಅಪ್ಪನವರಿಗೆ ಮೋಹಿನಿಯ ನಮಸ್ಕಾರಗಳು.

ಪತ್ರ ಬಂತು. ಅತ್ತೆ ‘ಎಂತ ಬರೆದಿದ್ದಾನೆ ನಿನ್ನ ಅಪ್ಪ?’ ಎಂದು ಕೇಳಿದರು. ಕ್ಷೇಮ ಸಮಾಚಾರ ಎಂದೆ.

ಮಣಿಪಾಲದಲ್ಲಿ ನಡೆದದ್ದನ್ನು ನೀವು ಕೇಳಲಿಲ್ಲ, ಆದರೂ ಬರೆಯುತ್ತೇನೆ. ಡಾಕ್ಟರರು ಚಿಕ್ಕ ಪ್ರಾಯದವರು, ಮೈಸೂರು ಕಡೆಯವರು. ‘ನಿಮ್ಮ ತಾಯಿಗೆ ಸಕ್ಕರೆ ಕಾಯಿಲೆ ಇದೆಯಾ?’ ಎಂದರು. ಇಲ್ಲ ಎಂದೆ. ‘ತಂದೆಗೆ?’ ಎಂದರು. ‘ತಂದೆಗೆ ಉಂಟು, ಆದರೆ ಅವರು ಬೇರೆ ಬರಿ’ ಎಂದೆ. ಬರಿ ಅಂದರೆ ಏನು ಎಂದು ಅವರು ಇವರ ಮುಖ ನೋಡಿದರು. ಇವರು ಶಾಲೆಯಲ್ಲಿ ಪಾಠ ಮಾಡಿದ ಹಾಗೆ ವಿವರಿಸಿದರು: ನಮ್ಮಲ್ಲಿ ಮಕ್ಕಳು ತಾಯಿಯ ಕುಟುಂಬದವರು, ಮಾವನ ಸೊತ್ತು ಅಳಿಯನಿಗೆ, ಹಾಗೆ ಕಾಯಿಲೆಯೂ. ಡಾಕ್ಟರರು ನಗಲಿಲ್ಲ. ನಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು. ‘ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ ಅಮ್ಮ. ದೇಹಕ್ಕೆ ಅಳಿಯಸಂತಾನ ಗೊತ್ತಿಲ್ಲ’ ಎಂದರು.

ಮತ್ತೆ, ‘ಇದನ್ನು ಬಸುರಿಯಾಗಿದ್ದಾಗ ಯಾರೂ ಕೇಳಲಿಲ್ಲವಾ?’ ಎಂದರು.

ಕೇಳಿದ್ದರು ಅಪ್ಪ. ಉಡುಪಿಯ ಡಾಕ್ಟರಮ್ಮ ಕೇಳಿದ್ದರು. ನಾನು ಹೆರಿಗೆಗೆಂದು ಕಾಪುವಿಗೆ ಬಂದ ವಾರ, ನೀವೇ ಕರೆದುಕೊಂಡು ಹೋಗಿದ್ದಿರಿ. ‘ಮೂತ್ರ ಕುದಿಸಿ ನೋಡಿದ್ದರಲ್ಲಿ ಸ್ವಲ್ಪ ಹಸಿರು ಬಣ್ಣ, ಅಂದರೆ ಸ್ವಲ್ಪ ಸಕ್ಕರೆ ಉಂಟು. ಬಸಿರಿನಲ್ಲಿ ಕೆಲವರಿಗೆ ಸುಮ್ಮನೆ ಹಾಗೆ ಬರುತ್ತದೆ. ಹತ್ತಿರದವರಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಉಂಟಾ?’ ಎಂದರು. ನಾನು ಬಾಯಿ ತೆರೆಯುವ ಮೊದಲು ನೀವು, ‘ಛೆ ಛೆ, ಇವಳ ಕಡೆಯಲ್ಲಾ? ಇವಳ ಅಜ್ಜಿಯನ್ನು ನೋಡಬೇಕು ನೀವು ಡಾಕ್ಟರಮ್ಮ, ಮಾವಂದಿರನ್ನು ನೋಡಬೇಕು, ಒಬ್ಬೊಬ್ಬರೂ ಕಗ್ಗಲ್ಲು!’ ಎಂದಿರಿ. ಅವರೂ ನಕ್ಕರು. ‘ಹಾಗಾದರೆ ಗ್ಲುಕೋಸ್ ಕುಡಿಸಿ ಮಾಡುವ ಪರೀಕ್ಷೆ ಬೇಡ ಬಿಡಿ’ ಎಂದರು. ಆಗ ನಿಮ್ಮ ಅಂಗಿಯ ಕಿಸೆಯಲ್ಲಿ ನಿಮ್ಮ ಸಕ್ಕರೆ ಗುಳಿಗೆಯ ಪೊಟ್ಟಣ ಇತ್ತು. ನನಗೆ ಕಾಣುತ್ತಿತ್ತು. ನಾನೂ ತಲೆ ಅಲ್ಲಾಡಿಸಿದೆ. ನನಗೂ ನೀವು ಬೇರೆಯವರೇ ಆಗಿದ್ದಿರಿ.

ಪಾಕದ ಮಾತು ಬರೆದಿರಿ. ನನ್ನನ್ನು ಕಡಾಯಿಯ ಹತ್ತಿರ ಕೂರಿಸಿದ್ದು ಯಾರು? ‘ನನ್ನ ನಾಲಗೆ ಸತ್ತಿದೆ, ನೀನು ನೋಡು ಮಗಾ, ನಿನಗೆ ಏನೂ ಆಗುವುದಿಲ್ಲ’ ಎಂದು ಶಾಲೆಗೆ ಹೋಗುವ ಮೊದಲು ಚಮಚ ಕೈಗೆ ಕೊಡುತ್ತಿದ್ದಿರಿ. ಕೆಂಪು ಸೋಡಾಕ್ಕೆ ಒಂದು ಹದ, ಲಿಂಬೆಗೆ ಒಂದು ಹದ. ರಜೆಯಲ್ಲಿ ಇವರು ಬಂದರೆ ‘ನೀನು ಹೊರಗೆ ಹೋಗೋ’ ಎಂದು ಓಡಿಸುತ್ತಿದ್ದಿರಿ. ಪಾಪ ಎಂದು ನಾನು ಬಾಟಲಿಗಳ ಹಿಂದೆ ಬೆರಳಿಗೆ ಪಾಕ ಹಚ್ಚಿಕೊಂಡು ಹೋದರೆ, ಇವರು ಮಾವನ ಹೆದರಿಕೆಗೆ ಬೆರಳು ಮೂಸಿ ನೋಡಿ ಬಿಡುತ್ತಿದ್ದರು.

ನಿಮಗೆ ಬಂದರೆ ಅದು ಹುಟ್ಟಿನಿಂದ, ನೀವು ನಿರಪರಾಧಿ. ನನಗೆ ಬಂದರೆ ನಾಲಗೆಯಿಂದ, ನಾನೇ ಮಾಡಿಕೊಂಡದ್ದು. ಒಂದೇ ಕಾಯಿಲೆಗೆ ಎರಡು ತಕ್ಕಡಿ ಯಾಕೆ ಅಪ್ಪ?

ಮೋಹಿನಿ


ಕಾಪು
15-4-1978

ಮೋಹಿನಿಗೆ ಆಶೀರ್ವಾದ.

ಉತ್ತರ ತಡವಾಯಿತು. ಮಾರಿಪೂಜೆಯ ಸಮಯ, ಸೋಡಾ ತುಂಬಿಸಿ ತುಂಬಿಸಿ ಕೆಲಸದ ದೇಜಪ್ಪನ ತೋಳೂ ನನ್ನ ತೋಳೂ ಬಿದ್ದುಹೋಗಿದೆ. ಅದು ನೆಪ. ನಿಜ ಹೇಳಬೇಕಾದರೆ ನಿನ್ನ ಪತ್ರವನ್ನು ನಾನು ಗಲ್ಲಾದ ಗಾದಿಯ ಕೆಳಗೆ ಇಟ್ಟು ಅದರ ಮೇಲೆ ಕೂತಿದ್ದೆ.

ಎರಡು ತಕ್ಕಡಿ ಎಂದೆ. ಸರಿ, ಇನ್ನೊಂದು ತಕ್ಕಡಿಯನ್ನೂ ನೋಡು. ನಿನ್ನ ದೊಡ್ಡಮಾವ ತೀರಿಕೊಂಡಾಗ ನಿನ್ನ ತಾಯಿಗೂ ನಿನಗೂ ಸೂತಕ. ನನಗಿಲ್ಲ. ಅವತ್ತೇ ನಾನು ಮೆಷಿನು ತಿರುಗಿಸಿದೆ, ಯಾರೂ ತಪ್ಪು ಎನ್ನಲಿಲ್ಲ. ನಿಮ್ಮ ಕುಟುಂಬದ ಮನೆಯಲ್ಲಿ ಭೂತಕೋಲದ ನೇಮ ಆಗುವಾಗ ಭೂತ ನಿನ್ನನ್ನು ಹತ್ತಿರ ಕರೆದು ಪ್ರಸಾದ ಕೊಡುತ್ತದೆ. ನನಗೆ ಕೂರಲು ಬೆಂಚು, ಕುಡಿಯಲು ಎಳನೀರ ಬೊಂಡ. ‘ಶೆಟ್ಟರು ಬಂದದ್ದು ಭಾರೀ ಸಂತೋಷ’ ಎಂದು ಮರ್ಯಾದೆ. ಕಟಪಾಡಿಯಲ್ಲಿ ಇನ್ನೊಬ್ಬರ ಬಾಟಲಿ ತೊಳೆದು ಬೆಳೆದವ ನಾನು, ಮರ್ಯಾದೆ ಸಿಕ್ಕಿದರೆ ಬೇಡ ಎನ್ನುವವನಲ್ಲ. ಆದರೆ ಹೆತ್ತ ಮಗಳ ಮನೆತನದಲ್ಲಿ ನಾನು ಆಚೆಮನೆಯವ. ಹೀಗೆ ಎಲ್ಲರೂ ನನ್ನನ್ನು ನಿನ್ನ ಲೆಕ್ಕದಿಂದ ಹೊರಗಿಟ್ಟರು. ಡಾಕ್ಟರಮ್ಮ ಕೇಳಿದಾಗ ನಾನೂ ಇಟ್ಟೆ. ಅವರು ಕೇಳಿದ್ದು ನಿನ್ನ ವಿಷಯ, ನಾನು ಹೇಳಿದ್ದು ನಿನ್ನವರ ವಿಷಯ. ಸುಳ್ಳು ಎಲ್ಲಿ ಉಂಟು ತೋರಿಸು.

ಈಗ ಆ ಮೈಸೂರಿನ ಹುಡುಗ ಬಂದು, ಅರ್ಧ ಶೆಟ್ಟರದ್ದು ಎನ್ನುತ್ತಾನೆ! ನೀನು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು ಬಂದಾಗ ನಿನ್ನ ಮಾವಂದಿರು ‘ನಮ್ಮ ಮನೆಯ ಬುದ್ಧಿ’ ಎಂದು ಊರಿಡೀ ಹೇಳಿದರು. ಅವತ್ತು ಈ ಅರ್ಧ ಎಲ್ಲಿ ಹೋಗಿತ್ತು?

ಇರಲಿ. ಮಾರಿಪೂಜೆಯ ಗಡಿಬಿಡಿಯಲ್ಲಿ ಎಡಪಾದಕ್ಕೆ ಬಾಟಲಿಯ ಚೂರು ಹೊಕ್ಕಿತು. ಸ್ವಲ್ಪವೂ ನೋವಿಲ್ಲ. ಮಧ್ಯಾಹ್ನ ಚಪ್ಪಲಿ ಒದ್ದೆಯಾದಾಗಲೇ ಗೊತ್ತಾದದ್ದು. ನೋವಿಲ್ಲದ ಗಾಯ ಒಳ್ಳೆಯ ಗಾಯ ಅಲ್ವಾ? ನಿನ್ನ ತಾಯಿ ಅರಸಿನ ಹಚ್ಚಿದಳು, ಒಂದು ಮಾತೂ ಆಡದೆ.

ನಿನ್ನ ಅಪ್ಪ
ವಿಠಲ


ಕಾರ್ಕಳ
2-6-1978

ಅಪ್ಪನವರಿಗೆ ನಮಸ್ಕಾರಗಳು.

ಗಾಯದ ವಿಷಯ ಓದಿ ಇವರಿಗೆ ಹೆದರಿಕೆ. ನೋವಾಗದ್ದೇ ಅದರಲ್ಲಿ ಕೆಟ್ಟದ್ದಂತೆ, ಡಾಕ್ಟರರು ಹೇಳುತ್ತಾರೆ. ದಯವಿಟ್ಟು ತೋರಿಸಿ.

ಜಗಳ ಸಾಕು ಅಪ್ಪ. ಒಂದು ಕೇಳುತ್ತೇನೆ.

ನನಗೆ ದಿನಾ ಎರಡು ಇಂಜೆಕ್ಷನ್. ಅತ್ತೆ ಸೂಜಿ ಕುದಿಸಿ ಕೊಡುತ್ತಾರೆ. ಸಕ್ಕರೆ ಹತೋಟಿಯಲ್ಲಿದ್ದರೆ ಇನ್ನೊಂದು ಮಗುವಿಗೆ ಪ್ರಯತ್ನಿಸಬಹುದು, ಆ ಮಗು ಉಳಿಯುತ್ತದೆ ಎಂದು ಡಾಕ್ಟರರು ಹೇಳಿದ್ದಾರೆ. ‘ಬಂದದ್ದು ನಿಮ್ಮ ಕೈಯಲ್ಲಿರಲಿಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳುವುದು ನಿಮ್ಮ ಕೈಯಲ್ಲಿದೆ’ ಎಂದರು. ಇವರು ನಂಬಿದ್ದಾರೆ. ನನಗೆ ನಂಬಿಕೆ ಬರುವುದಿಲ್ಲ. ನಿಮ್ಮ ಮಾವನನ್ನು, ನಿಮ್ಮನ್ನು ನೋಡಿ ಬೆಳೆದವಳು ನಾನು. ಈ ಕಾಯಿಲೆಯನ್ನು ಹಿಡಿದು ನಿಲ್ಲಿಸಿದ ಒಬ್ಬ ಮನುಷ್ಯನನ್ನೂ ನಾನು ನೋಡಿಲ್ಲ.

ನೀವು ತೋರಿಸಿ. ಮೂರು ತಿಂಗಳು ಪಥ್ಯ ಮಾಡಿ, ಗುಳಿಗೆ ತಪ್ಪಿಸಬೇಡಿ. ಇವರ ಹತ್ತಿರ ನೀಲಿ ಮದ್ದು, ಗಾಜಿನ ನಳಿಗೆ, ಸ್ಪಿರಿಟ್ ದೀಪ ಕಳಿಸಿದ್ದೇನೆ. ಮದ್ದಿಗೆ ಎಂಟು ಹನಿ ಮೂತ್ರ ಹಾಕಿ ಕುದಿಸುವುದು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು ಸ್ವಲ್ಪ, ಹಳದಿ ಹೆಚ್ಚು. ಇಟ್ಟಿಗೆಯ ಕೆಂಪು ಬಂದರೆ ನಮ್ಮ ಕಡಾಯಿಯ ಪಾಕವೇ. ಬಂದ ಬಣ್ಣವನ್ನು ಕಾರ್ಡಿನಲ್ಲಿ ಬರೆದು ಹಾಕಿ. ಕೆಂಪು ಬಂದರೆ ಕೆಂಪು ಎಂದೇ ಬರೆಯಿರಿ, ನನ್ನದೂ ಹಳದಿಯೇ ಬರುತ್ತಿದೆ. ನಿಮ್ಮ ನೀಲಿ ನೋಡಿದರೆ ನಾವು ಮಗುವಿನ ಯೋಚನೆ ಮಾಡುತ್ತೇವೆ. ಇಲ್ಲದಿದ್ದರೆ ಇಲ್ಲ.

ಅರ್ಧ ನಿಮ್ಮದು ಎಂದರೆ ನಿಮಗೆ ಕೋಪ ಬಂತು. ಆ ಅರ್ಧಕ್ಕಾಗಿ ಕೇಳುತ್ತಿದ್ದೇನೆ.

ಮೋಹಿನಿ


ಕಾಪು
19-6-1978

ಮೋಹಿನಿಗೆ ಆಶೀರ್ವಾದ. ಪಥ್ಯ ಸುರು. ಬೆಳಿಗ್ಗೆ ಗೋಧಿ ದೋಸೆ, ಸಕ್ಕರೆ ಹಾಕದ ಕಾಫಿ. ಕುಡಿದರೆ ಯಾರದ್ದೋ ಸಾವಿನ ಬೊಜ್ಜಕ್ಕೆ ಹೋಗಿ ಬಂದ ಹಾಗೆ ಆಗುತ್ತದೆ. ಬಣ್ಣ: ಹಳದಿ. ಗಾಯ ಒಣಗುತ್ತಾ ಉಂಟು.
ಅಪ್ಪ


ಕಾಪು
6-7-1978

ಬಣ್ಣ: ಹಸಿರು. ಗೇರುಮರದ ಎಳೆ ಚಿಗುರಿನ ಹಾಗೆ. ನಿನ್ನ ತಾಯಿ ನಳಿಗೆ ನೋಡಿ ‘ಹೂಂ’ ಎಂದಳು. ಬೆಕ್ಕನ್ನು ಬಿಟ್ಟು ನನ್ನ ಹತ್ತಿರ ಆಡಿದ ಮೊದಲ ಮಾತು.
ಅಪ್ಪ


ಕಾಪು
24-7-1978

ಬಣ್ಣ: ನೀಲಿ. ಮಲ್ಪೆಯ ಮೀನಿನ ಲಾರಿಯ ಡ್ರೈವರ್ ಜೋಕಿಮ್ ಸೋಡಾ ಕುಡಿಯಲು ಬಂದವ, ‘ಎಂತ ಶೆಟ್ರೇ, ಹೊಸ ಬಣ್ಣದ ಸೋಡಾವಾ?’ ಎಂದ. ಹೌದು ಮಾರಾಯ, ಒಂದು ಕುಡಿ ಎಂದೆ.
ಅಪ್ಪ


ಕಾಪು
21-8-1978

ನೀಲಿ. ಈ ವಾರವಿಡೀ ನೀಲಿ.
ಅಪ್ಪ


ಕಾರ್ಕಳ
10-9-1978

ಪ್ರೀತಿಯ ಅಪ್ಪನವರಿಗೆ,

ನಿಮ್ಮ ಕಾರ್ಡುಗಳನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿದ್ದೇನೆ. ಇಂಜೆಕ್ಷನ್ ಚುಚ್ಚಿಕೊಳ್ಳುವಾಗ ಅಲ್ಲಿಯೇ ನೋಡುತ್ತೇನೆ. ಮೊದಲು ಎರಡು ಸಲ ಬೇಕೆಂದೇ ತಪ್ಪಿಸಿದ್ದೆ, ನಿಮಗೆ ಹೇಳಿರಲಿಲ್ಲ. ಈಗ ತಪ್ಪಿಸಿಲ್ಲ. ಈ ಪ್ರಾಯದಲ್ಲಿ, ಆ ಬಾಯಿ ಇಟ್ಟುಕೊಂಡು ಅಪ್ಪನಿಗೆ ಆದರೆ ನನಗೆ ಯಾಕೆ ಆಗುವುದಿಲ್ಲ ಎನಿಸುತ್ತದೆ. ಹೋದ ವಾರ ನನ್ನದೂ ನೀಲಿ ಬಂತು! ಇವರು ನಳಿಗೆ ಹಿಡಿದುಕೊಂಡು ಜಗಲಿಗೆ ಓಡಿದರು. ಅತ್ತೆ, ‘ಅದನ್ನು ಊರಿಗೆಲ್ಲ ತೋರಿಸಬೇಡ ಮಾರಾಯಾ, ಅದು ಉಚ್ಚೆ’ ಎಂದು ನಕ್ಕರು. ಈ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತು.

ದೀಪಾವಳಿಯ ನಂತರ ಮಗುವಿನ ಯೋಚನೆ ಮಾಡಿ ಎಂದು ಡಾಕ್ಟರರು ಹೇಳಿದ್ದಾರೆ. ನಾವು ಹೂಂ ಎಂದಿದ್ದೇವೆ. ಮೊದಲು ನಿಮಗೆ ತಿಳಿಸುತ್ತಿದ್ದೇನೆ.

ನಿಮ್ಮ ಮಗಳು
ಮೋಹಿನಿ


ಕಾರ್ಕಳ
12-11-1978

ಪೂಜ್ಯ ಮಾವನವರಿಗೆ ಸರ್ವೋತ್ತಮನ ನಮಸ್ಕಾರಗಳು.

ಆಸ್ಪತ್ರೆಯಿಂದ ಕಾಪುವಿಗೆ ಕ್ಷೇಮವಾಗಿ ತಲುಪಿದಿರಿ ಎಂದು ತಿಳಿಯಿತು. ಮಣಿಪಾಲದಲ್ಲಿ ನಿಮ್ಮ ಎದುರು ಹೇಳಲು ಬಾಯಿ ಬರಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಗಾಯ ಕೊಳೆತು ನಿಮ್ಮನ್ನು ಸೇರಿಸಿದ ದಿನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕು ಎಂದಾಗ ಮೋಹಿನಿ ಡಾಕ್ಟರರ ಹತ್ತಿರ ವಾದಿಸಿದಳು. ‘ನನ್ನ ಅಪ್ಪನಿಗೆ ಮೂರು ತಿಂಗಳಿಂದ ನೀಲಿ ಬರುತ್ತಿದೆ, ನೀವು ಬೇರೆ ಯಾರದ್ದೋ ಪರೀಕ್ಷೆ ಮಾಡಿರಬೇಕು’ ಎಂದಳು. ಅವರು ಅವಳ ಕಣ್ಣೆದುರೇ ಇನ್ನೊಮ್ಮೆ ಕುದಿಸಿದರು. ಇಟ್ಟಿಗೆಯ ಕೆಂಪು.

ದೇಜಪ್ಪ ಬಾಗಿಲ ಹತ್ತಿರ ಅಳುತ್ತಾ ನಿಂತಿದ್ದ. ‘ಅಮ್ಮಾ, ಧಣಿಗಳದ್ದು ಯಾವಾಗಲೂ ಹೀಗೆಯೇ’ ಎಂದ. ಹಾಗಾದರೆ ನೀಲಿ ಯಾರದ್ದು ಎಂದು ನಾನು ಕೇಳಿದೆ. ‘ಅದು ನನ್ನದು. ಬೆಳಿಗ್ಗೆ ಬಂದ ಕೂಡಲೇ ಧಣಿಗಳು, ದೇಜಪ್ಪಾ, ಒಂದು ಬಾಟಲಿ ತುಂಬಿಸು ಅನ್ನುತ್ತಿದ್ದರು. ಮಗಳಿಗೆ ಧೈರ್ಯ ಬರಲಿ ಅಂತ. ನಾನು ಬಡವ, ಸಿಹಿ ಎಲ್ಲಿಂದ ಬರಬೇಕು?’ ಎಂದ. ಅವನ ಮೇಲೆ ಸಿಟ್ಟು ಮಾಡಬೇಡಿ. ಅವನು ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತಿದ್ದೇನೆ ಎಂದೇ ತಿಳಿದಿದ್ದ.

ಮೋಹಿನಿ ಅವತ್ತು ಮನೆಗೆ ಬಂದು ಕನ್ನಡಿಯಿಂದ ಕಾರ್ಡುಗಳನ್ನು ತೆಗೆದಳು. ಮಗು ಬೇಡ ಎಂದಳು. ಡಾಕ್ಟರರು ಹೇಳಿದ್ದು ನಿಜ, ಅವಳದ್ದೇ ನೀಲಿ ಬಂದದ್ದೂ ನಿಜ, ಎಲ್ಲ ನೆನಪಿಸಿದೆ. ‘ಅಪ್ಪನಿಂದ ಕಾಯಿಲೆ ಬಂತು, ಹಟ ಬಂತು, ಈ ಮೂಗು ಬಂತು. ಇದೊಂದು ಮಾತ್ರ ಬರಲಿಲ್ಲ ಎಂದು ಹೇಗೆ ಹೇಳುತ್ತೀರಿ? ನಾಳೆ ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ನಾನೂ ಯಾರದ್ದೋ ನೀಲಿ ತೋರಿಸುತ್ತೇನೆ’ ಎಂದಳು. ಇಂಜೆಕ್ಷನ್ ಈಗಲೂ ತೆಗೆದುಕೊಳ್ಳುತ್ತಾಳೆ. ಅಮ್ಮ ಸೂಜಿ ಕುದಿಸುತ್ತಾರೆ ಎಂಬ ಕಾರಣಕ್ಕೆ, ಬೇರೆ ಕಾರಣ ಇಲ್ಲ.

ನೀವು ಬರೆದರೆ ಓದುತ್ತಾಳೋ ಗೊತ್ತಿಲ್ಲ. ಬರೆಯಿರಿ.

ನಿಮ್ಮ ವಿಧೇಯ ಅಳಿಯ
ಸರ್ವೋತ್ತಮ


ಕಾಪು
14-1-1979

ಮೋಹಿನಿಗೆ,

ಇದು ನಾಲ್ಕನೆಯ ಪತ್ರ. ಮೂರಕ್ಕೆ ಉತ್ತರ ಬರಲಿಲ್ಲ. ಸರ್ವೋತ್ತಮ ಮೊನ್ನೆ ಬಂದಿದ್ದಾಗ ‘ಅವಳು ಪತ್ರ ಒಡೆಯುವುದಿಲ್ಲ ಮಾವ, ಬಿಸಾಡುವುದೂ ಇಲ್ಲ’ ಎಂದ. ಬಿಸಾಡದಿದ್ದರೆ ಸಾಕು.

ಒಂದು ವಿಷಯ ಆ ಮೂರರಲ್ಲೂ ಬರೆದಿಲ್ಲ. ಸುರುವಿಗೆ ನಾನು ನಿಜವಾಗಿಯೂ ಬಾಯಿ ಕಟ್ಟಿದ್ದೆ. ಹಳದಿ ಎಂದು ಬರೆದದ್ದು ನನ್ನದೇ ಹಳದಿ. ಸಪ್ಪೆ ತಿಂದೆ, ಗುಳಿಗೆ ತಿಂದೆ, ಪಡುಬಿದ್ರಿಯಲ್ಲಿ ಮದುವೆಯೂಟಕ್ಕೆ ಹೋಗಿ ಪಾಯಸದ ಎಲೆಯಿಂದ ಎದ್ದು ಬಂದೆ, ಊರಿನವರು ಶೆಟ್ಟರಿಗೆ ಸಿಟ್ಟು ಬಂತು ಎಂದುಕೊಂಡರು. ಮರುದಿನ ನಳಿಗೆ ಕುದಿಸಿದರೆ ಪುನಃ ಹಳದಿ. ಅದರ ಮರುದಿನ ಕೆಂಪಿಗೆ ತಿರುಗಿತು. ಇದನ್ನು ನಾನು ನಿನಗೆ ಹೇಗೆ ಬರೆಯುವುದು ಮಗಾ? ತಿನ್ನದೆಯೂ ಹೀಗೆ ಎಂದು ಬರೆದರೆ ನೀನು ಮಗುವಿನ ಆಸೆ ಬಿಡುತ್ತಿದ್ದೆ. ದೇಜಪ್ಪ ಎದುರಿಗೇ ಬಾಟಲಿ ತೊಳೆಯುತ್ತಿದ್ದ. ನಿನಗೆ ಬೇಕಾದ ಬಣ್ಣ ಅವನ ಹತ್ತಿರ ಇತ್ತು. ಹಸಿರು ಮಾತ್ರ ನಾನೇ ಕಟ್ಟಿದ್ದು, ಅವನದ್ದಕ್ಕೆ ನನ್ನದನ್ನು ಎರಡು ಹನಿ ಬೆರೆಸಿ. ಹಳದಿಯಿಂದ ಒಮ್ಮೆಲೇ ನೀಲಿಗೆ ಹಾರಿದರೆ ನಿನಗೆ ಸಂಶಯ ಬರುತ್ತದೆ ಎಂದು ನಡುವೆ ಒಂದು ಮೆಟ್ಟಿಲು ಇಟ್ಟೆ. ವ್ಯಾಪಾರದ ಬುದ್ಧಿ.

ನೀಲಿ ಹೇಗೂ ಬರುತ್ತದೆ ಎಂದಾದ ಮೇಲೆ ಪಥ್ಯ ಯಾಕೆ ಎಂದು ಹಲ್ವವೂ ಸುರುವಾಯಿತು. ಗಾಯವನ್ನು ನಿನ್ನ ತಾಯಿಗೂ ತೋರಿಸದೆ ಬಟ್ಟೆ ಸುತ್ತಿದೆ. ಇನ್ನೂ ಒಂದು ತಿಂಗಳು ಸಪ್ಪೆ ತಿಂದಿದ್ದರೆ ನನ್ನದೇ ನೀಲಿ ಬರುತ್ತಿತ್ತೋ ಏನೋ. ಆ ಮೈಸೂರಿನ ಹುಡುಗನನ್ನು ಕೇಳಿದೆ. ‘ಬರಬಹುದಿತ್ತು, ಬಾರದೆಯೂ ಇರಬಹುದಿತ್ತು, ಶೆಟ್ಟರೇ’ ಎಂದ. ಇಷ್ಟು ಓದಿ ಅದನ್ನು ಹೇಳುವುದಾ ಎಂದೆ. ಅವನು ನನ್ನ ಭುಜದ ಮೇಲೆ ಕೈಯಿಟ್ಟ. ಕೈಯಿಡುವ ಡಾಕ್ಟರರನ್ನು ಕಂಡರೆ ನನಗೆ ಹೆದರಿಕೆ.

ಬಣ್ಣದ ಸೋಡಾ ನಿಲ್ಲಿಸಿದ್ದೇನೆ. ಕಡಾಯಿ ಕವುಚಿ ಹಾಕಿದೆ. ಬರೇ ಸೋಡಾ ಮಾತ್ರ. ದೇಜಪ್ಪ ಮೆಷಿನು ತಿರುಗಿಸುತ್ತಾನೆ, ನಾನು ಬಾಟಲಿ ತೊಳೆಯುತ್ತೇನೆ. ಕೂತುಕೊಂಡೇ ಆಗುವ ಕೆಲಸ ಅದೊಂದು, ಮತ್ತೆ ನನಗೆ ಮೊದಲೇ ಗೊತ್ತಿದ್ದ ಕೆಲಸ.

ಮೊದಲ ಪತ್ರದಲ್ಲಿ ಹೋದದ್ದನ್ನು ಬರೆದಿದ್ದೆ. ಯಾರಿಗೆ ಎಂತ ಸಿಕ್ಕಿತು ಎಂಬುದನ್ನೂ ಬರೆದು ಮುಗಿಸುತ್ತೇನೆ.

ಸರ್ವೋತ್ತಮನಿಗೆ, ಹುಟ್ಟಿದಂದಿನಿಂದ ಸಪ್ಪೆ ತಿಂದದ್ದಕ್ಕೆ, ನೀಲಿ. ಮಣಿಪಾಲದಲ್ಲಿ ಅವನದ್ದೂ ನೋಡಿದರು. ತಿನ್ನದ್ದರಿಂದ ಬಂದ ನೀಲಿಯೋ, ತಿಂದಿದ್ದರೂ ಬರುವ ನೀಲಿಯೋ, ಯಾರಿಗೆ ಗೊತ್ತು. ಮೊನ್ನೆ ಇಲ್ಲಿ ಒಂದು ತುಂಡು ಹಲ್ವ ಕೊಟ್ಟೆ. ಮೂಸಿ ನೋಡಿ ವಾಪಸ್ಸಿಟ್ಟ.

ಬೇಬಿ ಅಕ್ಕನಿಗೆ ದಿನಾ ಎರಡು ಹೊತ್ತು ಸೂಜಿ ಕುದಿಸುವ ಕೆಲಸ.

ನಿನ್ನ ತಾಯಿಗೆ ಬೆಕ್ಕು.

ದೇಜಪ್ಪನಿಗೆ ತನ್ನ ಮೈ ಗಟ್ಟಿ ಉಂಟು ಎಂಬ ಖಾತ್ರಿ.

ನನಗೆ ಒಂದು ಮರದ ಕಾಲು. ಮತ್ತೆ, ಮಣಿಪಾಲದಲ್ಲಿ ನಿನ್ನ ಹೆಸರಿನ ಕೆಳಗೆ ಅವರು ಬರೆದುಕೊಂಡ ಮಾತು: ತಂದೆಯಿಂದ.

ನಿನಗೆ ನನ್ನ ಅರ್ಧ.

ಹುಟ್ಟದ ಮಗುವಿಗೆ ಕಾಯಿಲೆ ಬರಲಿಲ್ಲ.

ಅಪ್ಪ